ಸೂತಕ ತಗುಲಿದ ಕುರ್ಚಿಗಳು

ಹೊಸನಗರದಲ್ಲಿ ಯಾರಾದರೂ ತೀರಿಕೊಂಡರೆ ಹತ್ತಿರದ ನೆಂಟರಿಗಿಂತ ಮೊದಲು ಸುದ್ದಿ ತಿಳಿಯುತ್ತಿದ್ದುದು ಶಿವಮೂರ್ತಿಗೆ. ಅವನು ವೈದ್ಯನೂ ಅಲ್ಲ, ಪುರೋಹಿತನೂ ಅಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡವನು. ಸತ್ತವರ ಅಂಗಳಕ್ಕೆ ಒಂದು ಟರ್ಪಾಲು, ನಾಲ್ಕು ಸಾಲು ಕುರ್ಚಿ ಬಾರದೆ ಬಂದ ಜನ ಎಲ್ಲಿ ಕೂರಬೇಕು? ಹಾಗಾಗಿ ಮನೆಯೊಳಗೆ ಅಳು ಶುರುವಾಗುತ್ತಿದ್ದ ಹಾಗೇ ಯಾರೋ ಒಬ್ಬರು ಹೊರಗೆ ಬಂದು ಶಿವಮೂರ್ತಿಗೆ ಫೋನು ಮಾಡುತ್ತಿದ್ದರು.

ಅವನ ಕುರ್ಚಿಗಳು ನೀಲಿ ಬಣ್ಣದ ಸಾದಾ ಪ್ಲಾಸ್ಟಿಕ್ ಕುರ್ಚಿಗಳು. ನಿನ್ನೆ ತಿಥಿಗೆ ಹೋದ ಕುರ್ಚಿ ಇವತ್ತು ಸೀಮಂತಕ್ಕೆ, ನಾಳೆ ಸಹಕಾರ ಸಂಘದ ಸಭೆಗೆ. ಯಾರೂ ಕೇಳುತ್ತಿರಲಿಲ್ಲ. ನೀಲಿ ಕುರ್ಚಿಯ ಮುಖ ಯಾರಿಗೆ ನೆನಪಿರುತ್ತದೆ?

ವ್ಯಾಪಾರ ಚೆನ್ನಾಗಿಯೇ ಇತ್ತು. ಚೆನ್ನಾಗಿರದಿದ್ದುದು ಶಿವಮೂರ್ತಿಯ ಎದೆ. ಆಷಾಢ ಬಂದರೆ ಮದುವೆ ಇಲ್ಲ ಎಂದು ಹೆದರುವನು, ವೈಶಾಖ ಬಂದರೆ ಕುರ್ಚಿ ಸಾಲದು ಎಂದು ಹೆದರುವನು. ಕೊರೊನಾ ವರ್ಷ ಮದುವೆಗಳೆಲ್ಲ ನಿಂತಾಗ ಅವನು ಗೋಡೌನಿನ ಬಾಗಿಲಲ್ಲಿ ತಲೆಗೆ ಕೈಕೊಟ್ಟು ಕೂತುಬಿಟ್ಟಿದ್ದ. ಆಗ ಅವನ ಹೆಂಡತಿ ತನುಜಾ ಸುಮ್ಮನೆ ಬಿದ್ದಿದ್ದ ದೊಡ್ಡ ಪಾತ್ರೆಗಳನ್ನು ತೊಳೆದು, ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಎರಡು ವರ್ಷ ಮನೆ ನಡೆಸಿದಳು. ಆದರೆ ಅದನ್ನು ಯಾರೂ ಬಿಸಿನೆಸ್ ಎಂದು ಕರೆಯಲಿಲ್ಲ. ಹೆಂಗಸರು ಉಪ್ಪಿನಕಾಯಿ ಹಾಕುವುದು ಇದ್ದದ್ದೇ ಅಲ್ಲವೇ?

ಎದೆ ಗಟ್ಟಿಮಾಡಿಕೊಳ್ಳುವ ಮದ್ದು ಶಿವಮೂರ್ತಿಗೆ ವಾಟ್ಸಾಪಿನಲ್ಲಿ ಸಿಕ್ಕಿತು. ವರ್ತಕರ ಗುಂಪಿನಲ್ಲಿ ಒಂದು ಬಣ್ಣದ ಚಿತ್ರ ಬಂದಿತ್ತು: ‘ಪುಟಿದೇಳು ಉದ್ಯಮಿ! ಸಾಗರದಲ್ಲಿ ಮೂರು ದಿನದ ಶಿಬಿರ.’ ನಡುವೆ ಕೋಟು ತೊಟ್ಟು ಕೈಕಟ್ಟಿ ನಿಂತ ತರಬೇತುದಾರ ಹರ್ಷವರ್ಧನ. ಈ ಹರ್ಷವರ್ಧನ ಹಿಂದೆ ಬೆಂಗಳೂರಿನಲ್ಲಿ ಒಂದು ಮೊಬೈಲ್ ಅಂಗಡಿ, ಒಂದು ಜಿಮ್ಮು, ಒಂದು ಐಸ್‌ಕ್ರೀಮ್ ಅಂಗಡಿ ನಡೆಸಿ ಮೂರನ್ನೂ ಮುಚ್ಚಿದವರು. ಮುಚ್ಚಿದ ಮೇಲೆ, ಅಂಗಡಿ ನಡೆಸುವುದು ಹೇಗೆಂದು ಬೇರೆಯವರಿಗೆ ಹೇಳಿಕೊಡಲು ಹೊರಟರು. ಈ ನಾಲ್ಕನೆಯದು ಮಾತ್ರ ಮುಚ್ಚಲಿಲ್ಲ.

ಸಾಗರದ ಹೋಟೆಲೊಂದರ ಮೇಲಿನ ಹಾಲ್‌ನಲ್ಲಿ ಶಿಬಿರ. ಬೇಕರಿಯವರು, ಬಟ್ಟೆ ಅಂಗಡಿಯವರು, ಪಂಪ್‌ಸೆಟ್ ರಿಪೇರಿಯವರು ಎಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಬಾಗಿಲಲ್ಲೇ ಎಲ್ಲರ ಕೈಗೂ ಒಂದೊಂದು ರಬ್ಬರ್ ಚೆಂಡು ಕೊಟ್ಟರು.

"ನೆಲಕ್ಕೆ ಹೊಡೀರಿ!" ಎಂದರು ಹರ್ಷವರ್ಧನ.

ಎಲ್ಲರೂ ಹೊಡೆದರು. ಚೆಂಡುಗಳು ಪುಟಿದು ಕುರ್ಚಿಯ ಕೆಳಗೆಲ್ಲ ಉರುಳಿದವು. ಬೇಕರಿಯವರು ಮೊಣಕಾಲೂರಿ ಹುಡುಕತೊಡಗಿದರು.

"ನೋಡಿದ್ರಾ? ಎಷ್ಟು ಜೋರಾಗಿ ಬೀಳ್ತೀವೋ ಅಷ್ಟು ಎತ್ತರಕ್ಕೆ ಏಳ್ತೀವಿ. ಆದ್ರೆ ಅದಕ್ಕೊಂದು ಸ್ಟ್ರಾಟಜಿ ಬೇಕು. ಸ್ಟ್ರಾಟಜಿ ಇದ್ದವನಿಗೆ ಭಯ ಇಲ್ಲ!" ಹರ್ಷವರ್ಧನ ಶಿವಮೂರ್ತಿಯ ಕಡೆ ಬೆರಳು ತೋರಿಸಿದರು. "ನೀವು ಹೇಳಿ, ನಿಮ್ಮ ಕಸ್ಟಮರ್ ಯಾರು?"

ಶಿವಮೂರ್ತಿ ಎದ್ದು ನಿಂತ. "ಎಲ್ರೂ ಸಾರ್. ಮದುವೆಯವ್ರು, ಸತ್ತೋರು..." ನಾಲಿಗೆ ಕಚ್ಚಿಕೊಂಡು, "ಸತ್ತೋರ ಮನೆಯವ್ರು" ಎಂದ.

"ಎಲ್ಲರೂ ಕಸ್ಟಮರ್ ಆದ್ರೆ ಯಾರೂ ಕಸ್ಟಮರ್ ಅಲ್ಲ!" ಹರ್ಷವರ್ಧನ ಮರುಕದಿಂದ ತಲೆಯಾಡಿಸಿದರು. "ಸಾವು ನಿಮ್ಮ ಬ್ರ್ಯಾಂಡಿಗೆ ಒಳ್ಳೇದಲ್ಲ ಶಿವಮೂರ್ತಿಯವರೇ. ಪ್ರೀಮಿಯಂ ಮದುವೆ ಒಂದನ್ನೇ ಹಿಡೀರಿ. ಉಳಿದಿದ್ದು ಬಿಡಿ. ಯಾವುದನ್ನ ಬಿಡ್ತೀರಿ ಅನ್ನೋದೇ ಸ್ಟ್ರಾಟಜಿ."

ಸುತ್ತಲಿನವರು ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಯಾರೂ ಶಿವಮೂರ್ತಿಗೆ ಚಪ್ಪಾಳೆ ತಟ್ಟಿರಲಿಲ್ಲ. ಅವನ ಎದೆಯೊಳಗೆ ಏನೋ ಅಗಲವಾದಂತಾಯಿತು. ಅದೇ ಧೈರ್ಯ ಎಂದು ಅವನು ತಿಳಿದುಕೊಂಡ.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದ: "ಇನ್ಮೇಲೆ ಸಾವಿನ ಮನೆಗೆ ಕೊಡದಿಲ್ಲ."

ತನುಜಾ ಅಕ್ಕಿ ಆರಿಸುತ್ತಿದ್ದಳು. "ಎಂತಕ್ಕೆ? ಜನ ಸಾಯದು ನಿಲ್ಸಿದ್ರಾ?"

"ನಿಂಗೆ ಅರ್ಥ ಆಗಲ್ಲ. ಅದು ಬ್ರ್ಯಾಂಡಿಗೆ ಒಳ್ಳೇದಲ್ಲ."

"ಯಾರ ಬ್ರ್ಯಾಂಡು?"

"ನಮ್ದು."

ತನುಜಾ ಗೋಡೆಯ ಮೇಲಿದ್ದ, ಇಲಿ ಅರ್ಧ ತಿಂದ ‘ರಾಮೇಶ್ವರ ಶಾಮಿಯಾನ’ ಎಂಬ ಬಟ್ಟೆಯ ಬೋರ್ಡನ್ನೊಮ್ಮೆ ನೋಡಿ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಬೋರ್ಡು ಬದಲಾಯಿತು. ‘ರಾಯಲ್ ಮಲೆನಾಡು ಈವೆಂಟ್ಸ್’ ಬಂತು. ಅದರ ಹಿಂದೆಯೇ ಲಾರಿಯಲ್ಲಿ ಹೊಸ ಕುರ್ಚಿಗಳು ಬಂದವು. ಎತ್ತರದ ಬೆನ್ನು, ಬಂಗಾರದ ಬಣ್ಣದ ಕಾಲು, ಕೆಂಪು ಮಖಮಲ್ಲಿನ ಮೆತ್ತೆ, ಬೆನ್ನಿಗೆ ಬಂಗಾರದ ರಿಬ್ಬನ್ನಿನ ದೊಡ್ಡ ಗಂಟು. ಗೋಡೌನಿನಲ್ಲಿ ಜಾಗ ಸಾಲದೆ ನೀಲಿ ಕುರ್ಚಿಗಳನ್ನು ಗುಜರಿಗೆ ಹಾಕುವುದೆಂದು ಶಿವಮೂರ್ತಿ ತೀರ್ಮಾನಿಸಿದ. ಅದನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು ತನುಜಾ. ಪಿಕಪ್ ಗಾಡಿಯ ಡ್ರೈವರ್ ಶ್ಯಾಮ ಕುರ್ಚಿಗಳನ್ನೂ ಹಳೆಯ ಟರ್ಪಾಲುಗಳನ್ನೂ ಹೇರಿಕೊಂಡು ಹೋದ. ಎಲ್ಲಿಗೆ ಹೋದ ಎಂದು ಶಿವಮೂರ್ತಿ ಕೇಳಲಿಲ್ಲ. ಪ್ರೀಮಿಯಂ ಮನುಷ್ಯ ಗುಜರಿಯ ಬಗ್ಗೆ ವಿಚಾರಿಸುವುದಿಲ್ಲ.

ಮೊದಲ ಸೀಸನ್ ಭರ್ಜರಿಯಾಯಿತು. ಸಾಗರದ ಕಲ್ಯಾಣ ಮಂಟಪಗಳಲ್ಲಿ, ಇಕ್ಕೇರಿ ಕಡೆಯ ದೊಡ್ಡ ಮನೆಗಳ ಮದುವೆಗಳಲ್ಲಿ ಬಂಗಾರದ ಕುರ್ಚಿಗಳು ಮೆರೆದವು. ಜನ ಅವುಗಳ ಜೊತೆ ಫೋಟೊ ತೆಗೆಸಿಕೊಂಡರು. ಶಿವಮೂರ್ತಿ ಕಪ್ಪು ಕನ್ನಡಕ ಕೊಂಡ. ಫೋನು ಎತ್ತಿದರೆ "ಹಲೋ" ಅನ್ನುವುದನ್ನು ಬಿಟ್ಟು "ರಾಯಲ್" ಅನ್ನತೊಡಗಿದ.

ಆ ಮಳೆಗಾಲದ ಒಂದು ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯ ಮಂಜುನಾಥಪ್ಪನಿಂದ ಫೋನು. ಮಂಜುನಾಥಪ್ಪ ಅವನ ಬಾಲ್ಯದ ಗೆಳೆಯ.

"ಅಪ್ಪ ಹೋಗ್ಬಿಟ್ರು ಮಾರಾಯ. ಒಂದು ಟರ್ಪಾಲು, ಸ್ವಲ್ಪ ಕುರ್ಚಿ ಕಳ್ಸು."

ಶಿವಮೂರ್ತಿ ಅಭ್ಯಾಸಬಲದಿಂದ ಬಾಡಿಗೆ ಪುಸ್ತಕ ತೆರೆದ. ಆದರೆ ಇಂಥ ಹೊತ್ತಿನಲ್ಲೇ ಸ್ಟ್ರಾಟಜಿಯ ಪರೀಕ್ಷೆ ನಡೆಯುವುದು ಎಂದು ಶಿಬಿರದಲ್ಲಿ ಹೇಳಿದ್ದರು.

"ನಾವೀಗ ಆ ಸೆಗ್ಮೆಂಟ್ ಮಾಡ್ತಿಲ್ಲ ಮಂಜು" ಎಂದ.

"ಯಾವ ಸೆಗ್ಮೆಂಟು?"

"ಅದೇ... ನಿಮ್ಮಪ್ಪಂದು."

ಮಂಜುನಾಥಪ್ಪ ಫೋನಿಟ್ಟ. ಮಧ್ಯಾಹ್ನ ಶಿವಮೂರ್ತಿ ಹಾರ ಹಿಡಿದು ಹೋದಾಗ ಜನ ಟರ್ಪಾಲಿನ ಕೆಳಗೆ ನೀಲಿ ಕುರ್ಚಿಗಳಲ್ಲಿ ಕೂತಿದ್ದರು. ಯಾರಾದರೂ ಬೇರೆಯವರು ಕೊಟ್ಟಿರಬೇಕು ಎಂದುಕೊಂಡ. ನೀಲಿ ಕುರ್ಚಿಗಳೆಲ್ಲ ಒಂದೇ ಥರ ಇರುತ್ತವಲ್ಲ. ಮಂಜುನಾಥಪ್ಪ ಅವನನ್ನು ಕೂರು ಎನ್ನಲಿಲ್ಲ.

ಆಮೇಲಿನ ಮಾಘದಲ್ಲಿ ಶಿವಮೂರ್ತಿಯ ದೊಡ್ಡಮ್ಮ ಗುತ್ಯಮ್ಮ ತೀರಿಕೊಂಡಳು. ಪಕ್ಕದ ಮನೆಯಲ್ಲೇ ಇದ್ದವಳು, ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದವಳು. ಮಕ್ಕಳಿಲ್ಲದ ಮುದುಕಿ, ಹಾಗಾಗಿ ಕ್ರಿಯೆಯೆಲ್ಲ ಇವನದೇ. ಶಿವಮೂರ್ತಿ ನಿಜವಾಗಿ ಅತ್ತ. ಅಳುತ್ತಲೇ ಹೊರಗೆ ಬಂದು ನೋಡಿದರೆ ಅಂಗಳದ ತುಂಬ ಜನ ನಿಂತಿದ್ದಾರೆ. ಗುತ್ಯಮ್ಮನ ತಮ್ಮ ಗೋಪಾಲಪ್ಪ ಕೋಲು ಊರಿಕೊಂಡು ನಡುಗುತ್ತಿದ್ದಾನೆ.

"ಕುರ್ಚಿ ಹಾಕೋ" ಎಂದ ಗೋಪಾಲಪ್ಪ. "ಕುರ್ಚಿ ಅಂಗಡಿ ಇಟ್ಕಂಡು ನಿಲ್ಸಿದೀಯಲ್ಲೋ ನಮ್ಮನ್ನ."

ತನುಜಾ ಗಂಡನ ಕಿವಿಯ ಹತ್ತಿರ ಬಂದಳು. "ನಾನು ಹುಂಚಕ್ಕೆ ಫೋನ್ ಮಾಡ್ತೀನಿ. ನಮ್ಮಣ್ಣ ಕಳಿಸ್ತಾನೆ."

"ನಿಮ್ಮಣ್ಣ ಎಲ್ಲಿಂದ ಕಳಿಸ್ತಾನೆ? ಯಾರ್ದೋ ಬಾಡಿಗೆ ಕುರ್ಚಿ ತರಿಸ್ತಾನೆ. ಊರೋರು ಎಂತ ಅಂತಾರೆ? ಶಿವಮೂರ್ತಿ ಮನೆ ಸಾವಿಗೆ ಬೇರೆಯೋರ ಕುರ್ಚಿ ಅಂತಾರೆ. ನಮ್ ಗೋಡೌನಲ್ಲಿ ಇಲ್ವಾ?"

"ಅವು ಮದುವೆ ಕುರ್ಚಿ ಕಣ್ರೀ."

"ಕುರ್ಚಿ ಕುರ್ಚಿನೇ!"

ಇಡೀ ವರ್ಷದಲ್ಲಿ ಅವನು ಆಡಿದ ಸರಿಯಾದ ಮಾತು ಅದೊಂದೇ, ಆಡಬಾರದ ಹೊತ್ತಿನಲ್ಲಿ ಆಡಿದ್ದ. ಬಂಗಾರದ ಕುರ್ಚಿಗಳು ಅಂಗಳಕ್ಕೆ ಬಂದವು. ಗಡಿಬಿಡಿಯಲ್ಲಿ ರಿಬ್ಬನ್ನಿನ ಗಂಟು ಬಿಚ್ಚಲೂ ಯಾರಿಗೂ ಪುರುಸೊತ್ತಿರಲಿಲ್ಲ. ಚಟ್ಟದ ಬಿದಿರು ಒಂದು ಕಡೆ, ಮಖಮಲ್ಲಿನ ಸಾಲು ಇನ್ನೊಂದು ಕಡೆ. ಹೆಗಲಿಗೆ ಟವೆಲು ಹಾಕಿಕೊಂಡ ಮುದುಕರು ಮದುವಣಿಗರಂತೆ ನೆಟ್ಟಗೆ ಕೂತರು. ಆ ಕುರ್ಚಿಯಲ್ಲಿ ಬೇರೆ ಥರ ಕೂರಲು ಬರುತ್ತಿರಲಿಲ್ಲ. ಬಂದ ಹೆಂಗಸರು ಅಳುತ್ತಲೇ ಕುರ್ಚಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು, ಬೇರೆ ಕಾರಣಕ್ಕೆ ಭುಜ ಅಲುಗಿಸಿದರು.

ಯಾರೋ ಫೋಟೊ ತೆಗೆದರು. ಗುತ್ಯಮ್ಮನ ಚಿತೆ ಆರುವ ಮೊದಲೇ ಅದು ಹೊಸನಗರ, ರಿಪ್ಪನ್‌ಪೇಟೆ ದಾಟಿ ಸಾಗರ ಮುಟ್ಟಿತು. ಕೆಳಗೆ ಬರೆದಿತ್ತು: ‘ಗೋಪಾಲಪ್ಪನವರ ರಿಸೆಪ್ಷನ್.’

ನಗು ಒಂದು ವಾರದಲ್ಲಿ ಮುಗಿಯುತ್ತಿತ್ತು. ಮುಗಿಯದ್ದು ಬೇರೆ ಇತ್ತು. ಇಕ್ಕೇರಿ ಕಡೆಯ ಮದುವೆ ಮನೆಯವರೊಬ್ಬರು ಮೊದಲು ಫೋನು ಮಾಡಿದರು.

"ಶಿವಮೂರ್ತಿಯವರೇ, ನಮ್ಮ ಮಗಳ ಮದುವೆಗೆ ಹೇಳಿದ್ವಲ್ಲ, ಆ ಬಂಗಾರದ ಕುರ್ಚಿ... ಅವೇನಾ ಫೋಟೊದಲ್ಲಿ ಇರೋವು?"

"ತೊಳೆದು, ಗಂಜಲ ಚಿಮುಕಿಸಿ ಕೊಡ್ತೀವಿ."

"ಅದಲ್ಲ ಮಾರಾಯ್ರೆ. ಮದುಮಗಳು ಕೂರೋ ಕಡೆ ಚಟ್ಟ ನೆನಪಾದ್ರೆ ಎಂತ ಮಾಡದು? ಬೇಡ, ಬಿಡಿ."

ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನೀಲಿ ಕುರ್ಚಿಯಾಗಿದ್ದರೆ ಯಾರಿಗೂ ಗುರುತೇ ಸಿಗುತ್ತಿರಲಿಲ್ಲ. ಬಂಗಾರದ ಕುರ್ಚಿಯ ದೊಡ್ಡಸ್ತಿಕೆಯೇ ಗುರುತು ಸಿಗುವುದು. ಎಲ್ಲರಿಗೂ ಸಿಕ್ಕಿತು. ಆ ವೈಶಾಖದಲ್ಲಿ ರಾಯಲ್ ಮಲೆನಾಡು ಈವೆಂಟ್ಸಿನ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಮದುವೆಯೊಂದನ್ನೇ ಹಿಡಿದು ಉಳಿದಿದ್ದೆಲ್ಲ ಬಿಟ್ಟವನಿಗೆ ಮದುವೆಯೇ ಕೈಬಿಟ್ಟಾಗ ಹಿಡಿಯಲು ಏನೂ ಉಳಿದಿರಲಿಲ್ಲ.

ಶಿವಮೂರ್ತಿ ಹರ್ಷವರ್ಧನರಿಗೆ ಫೋನು ಮಾಡಿದ. ಅವರು ರೈಲಿನಲ್ಲಿದ್ದರು, ತಾಳಗುಪ್ಪಕ್ಕೆ ಬರುತ್ತಿದ್ದರು.

"ನೋಡಿ, ಸ್ಟ್ರಾಟಜಿ ಸರಿಯಾಗೇ ಇತ್ತು" ಎಂದರು ಅವರು, ಗಾಲಿಯ ಸದ್ದಿನ ನಡುವೆ. "ಸಮಸ್ಯೆ ಇರೋದು ನಿಮ್ಮ ಒಳಗೆ. ನೀವು ಪುಟಿದೇಳ್ತಿಲ್ಲ. ಅದಕ್ಕೆ ನಮ್ಮದು ಎರಡನೇ ಹಂತದ ಶಿಬಿರ ಇದೆ."

ಶಿವಮೂರ್ತಿ ಫೋನಿಟ್ಟು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಪ್ಪೂ ತನ್ನದೇ, ಪುಟಿಯದಿರುವ ತಪ್ಪೂ ತನ್ನದೇ. ಊಟ ಸೇರಲಿಲ್ಲ. ಗಡ್ಡ ಬೆಳೆಯಿತು. ಕಪ್ಪು ಕನ್ನಡಕ ಕಿಟಕಿಯಲ್ಲಿ ಧೂಳು ತಿನ್ನುತ್ತಿತ್ತು.

ತನುಜಾ ಮೊದಲೆರಡು ವಾರ ಬೈದಳು. ಬೈಯುವುದರಲ್ಲಿ ಅವಳಿಗೆ ಸ್ವಲ್ಪ ಸುಖವೂ ಇತ್ತು, ಸುಳ್ಳು ಹೇಳಬಾರದು. ಆಮೇಲೆ ಅವನು ಉತ್ತರವನ್ನೇ ಕೊಡದಿದ್ದಾಗ ಅವಳಿಗೆ ಹೆದರಿಕೆಯಾಯಿತು. ಒಂದು ದಿನ ಅಂಗಳದಲ್ಲಿ ಪಿಕಪ್ ನಿಂತ ಸದ್ದಾಯಿತು. ತನುಜಾಳ ಅಣ್ಣ ರವೀಶ್ ಹುಂಚದಿಂದ ಬಂದಿದ್ದ. ಗಾಡಿಯ ತುಂಬ ನೀಲಿ ಕುರ್ಚಿ.

"ಭಾವ, ಎದ್ದು ಇಳಿಸಿ" ಎಂದ ರವೀಶ್. "ನಮ್ ಕೊಟ್ಟಿಗೇಲಿ ದನ ಕಟ್ಟಾಕೆ ಜಾಗ ಇಲ್ಲ."

ಶಿವಮೂರ್ತಿ ಕಿಟಕಿಯಿಂದ ನೋಡಿ ಕಣ್ಣುಜ್ಜಿಕೊಂಡ. "ಇವು ಗುಜರಿಗೆ ಹೋಗಿರ್ಲಿಲ್ವಾ?"

"ಎಂತ ಗುಜರಿ? ನೀವು ಬೇಡ ಅಂದ ಸಾವಿನ ಮನೆಗಳಿಗೆಲ್ಲ ಇವೇ ಹೋಗಿದ್ದು" ಎಂದಳು ತನುಜಾ. "ಮಂಜಣ್ಣನ ಮನೇಲಿ ನೀವು ನೋಡಿದ್ದೂ ಇವೇ. ಒಂದೂವರೆ ವರ್ಷದಿಂದ ಈ ಮನೆ ಅನ್ನಕ್ಕೆ ಬಂಗಾರದ ಕುರ್ಚಿ ಎಷ್ಟು ಕೊಟ್ಟಿದ್ಯೋ ಈ ನೀಲಿನೂ ಅಷ್ಟೇ ಕೊಟ್ಟಿದೆ. ನಿಮ್ಮ ರಾಯಲ್ಲಿಗೆ ಗೊತ್ತಾಗ್ಲಿಲ್ಲ ಅಷ್ಟೆ."

"ನಂಗೆ ಹೇಳಿಲ್ಲ ಎಂತಕ್ಕೆ?"

"ಹೇಳಿದ್ರೆ ಇವನ್ನೂ ಬಿಡಿ ಅಂತಿದ್ರಿ."

ಶಿವಮೂರ್ತಿಗೆ ಮೊದಲು ಸಿಟ್ಟು ಬಂತು, ಬಹಳ ದಿನದ ಮೇಲೆ ಬಂದ ಸಿಟ್ಟು. ಸಿಟ್ಟಿನಲ್ಲೇ ಎದ್ದ. ಸಿಟ್ಟಿನಲ್ಲೇ ಕುರ್ಚಿ ಇಳಿಸಿದ. ಮೈ ಬೆವರಿತು. ಆವತ್ತು ರಾತ್ರಿ ಗಂಜಿ ಎರಡು ಸಲ ಹಾಕಿಸಿಕೊಂಡ. ಮರುದಿನ ಶ್ಯಾಮನ ಪಕ್ಕ ಗಾಡಿಯಲ್ಲಿ ಕೂತು ಹೋದ. ಹೀಗೆ ದಿನವೂ ಒಂದಲ್ಲ ಒಂದು ಅಂಗಳ: ಗಣಹೋಮ, ಸಂತೆಯ ಹತ್ತಿರದ ರಕ್ತದಾನ ಶಿಬಿರ, ಸಾವು, ಹುಟ್ಟುಹಬ್ಬ. ಮಂಜುನಾಥಪ್ಪನ ಅಪ್ಪನ ವರ್ಷಾಂತಿಕಕ್ಕೂ ಕುರ್ಚಿ ಹೊತ್ತ. ಮಂಜುನಾಥಪ್ಪ ಪೂರ್ತಿ ಕ್ಷಮಿಸಲಿಲ್ಲ, ಪಾಯಸ ಮಾತ್ರ ಬಡಿಸಿದ. ಬಂಗಾರದ ಕುರ್ಚಿಗಳನ್ನು ತನುಜಾ ಈ ಸುದ್ದಿ ಮುಟ್ಟದ ಊರಿನ ನಾಟಕ ಮಂಡಳಿಯೊಂದಕ್ಕೆ ದಾಟಿಸಿದಳು. ಅಲ್ಲಿ ದುರ್ಯೋಧನ ಕೂರುತ್ತಾನಂತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಶಿವಮೂರ್ತಿ ಚೇತರಿಸಿಕೊಂಡ ಸುದ್ದಿಯೂ ವಾಟ್ಸಾಪಿನಲ್ಲಿ ಹೋಯಿತು, ಹರ್ಷವರ್ಧನರಿಗೂ ಮುಟ್ಟಿತು.

"ಶಿವಮೂರ್ತಿಯವರೇ, ನೀವು ಪುಟಿದೆದ್ರಿ!" ಎಂದರು ಅವರು ಫೋನಿನಲ್ಲಿ. "ಗೆದ್ದವರು ನಮ್ಮ ಹತ್ರ ಬೇಕಾದಷ್ಟು ಜನ ಇದ್ದಾರೆ. ಬಿದ್ದು ಎದ್ದವರೇ ಸಿಗ್ತಿಲ್ಲ. ತೀರ್ಥಹಳ್ಳಿ ಶಿಬಿರದಲ್ಲಿ ನೀವು ಮಾತಾಡ್ಬೇಕು. ಹಾಂ, ಅಲ್ಲಿನ ಹಾಲ್ ಹೊಸದು, ಕುರ್ಚಿ ಇಲ್ಲ. ಅದನ್ನೂ ನೀವೇ ತನ್ನಿ."

ಚಪ್ಪಾಳೆಯ ರುಚಿ ಕಂಡ ಕಿವಿ ಹಳೆಯ ಪೆಟ್ಟನ್ನು ಬೇಗ ಮರೆಯುತ್ತದೆ. ಶಿವಮೂರ್ತಿ ಗಡ್ಡ ಬೋಳಿಸಿಕೊಂಡ.

ತೀರ್ಥಹಳ್ಳಿಯಲ್ಲಿ ತನುಜಾ ಮತ್ತು ಶ್ಯಾಮ ಬೆಳಿಗ್ಗೆಯೇ ಕುರ್ಚಿ ಹಾಕಿದರು. ಮಧ್ಯಾಹ್ನದವರೆಗೆ ಮಾತ್ರ ಎಂದು ತನುಜಾ ಹರ್ಷವರ್ಧನರಿಗೆ ಎರಡು ಸಲ ಹೇಳಿದ್ದಳು. ಊಟವಾಯಿತು, ಮಧ್ಯಾಹ್ನ ಕಳೆಯಿತು, ಶಿವಮೂರ್ತಿಯ ಸರದಿ ಆಗಷ್ಟೇ ಬಂತು. ತನುಜಾ ಹಿಂದಿನ ಬಾಗಿಲಿಗೆ ಒರಗಿ ನಿಂತು ಕೇಳಿದಳು.

"ನಾನು ಪಾತಾಳ ಕಂಡಿದ್ದೆ" ಎಂದ ಶಿವಮೂರ್ತಿ ಮೈಕಿನಲ್ಲಿ. ಧ್ವನಿ ಚೆನ್ನಾಗಿಯೇ ಇತ್ತು. "ಊರು ನಕ್ಕಿತು. ಬಂಧುಗಳು ಕೈಬಿಟ್ಟರು. ಕತ್ತಲಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಆಗ ನಾನು ನನ್ನೊಳಗೇ ಇಳಿದೆ. ನನ್ನ ಹಳೆಯ ಬಲ ಏನು ಅಂತ ಹುಡುಕಿದೆ. ಹೊಸ ಸ್ಟ್ರಾಟಜಿ ಮಾಡಿದೆ. ನಾನು ಒಬ್ಬನೇ ಎದ್ದೆ!"

ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ತನುಜಾಳ ಫೋನು ಹೊಡೆದುಕೊಂಡಿತು. ಕೋಣಂದೂರಿನ ಕಡೆ ಹಿರಿಯರೊಬ್ಬರು ತೀರಿಕೊಂಡಿದ್ದರು. ಸಂಜೆಯೊಳಗೆ ಕುರ್ಚಿ ಬೇಕು.

ತನುಜಾ ಹರ್ಷವರ್ಧನರ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. ಅವರು ಕೈ ಬೀಸಿ "ಇನ್ನರ್ಧ ಗಂಟೆ ಮೇಡಂ" ಎಂದರು. ತನುಜಾ ಶ್ಯಾಮನಿಗೆ ಕಣ್ಣು ತೋರಿಸಿದಳು. ಇಬ್ಬರೂ ಹಿಂದಿನ ಸಾಲಿನಿಂದ ಶುರುಮಾಡಿದರು.

"ಸ್ವಲ್ಪ ಏಳ್ತೀರಾ ಅಣ್ಣ? ಸಾವಿನ ಮನೆ, ಅರ್ಜೆಂಟ್."

ಜನ ಎದ್ದರು. ಸಾವಿನ ಮನೆ ಎಂದರೆ ಯಾರು ಕೂತಿರುತ್ತಾರೆ? ಒಂದು ಸಾಲು ಹೋಯಿತು, ಎರಡನೆಯದು ಹೋಯಿತು. ಸಭೆಯಲ್ಲಿ ಗುಸುಗುಸು. ವೇದಿಕೆಯ ಮೇಲೆ ಶಿವಮೂರ್ತಿ ಹೆಂಡತಿಯನ್ನು ಕಂಡು "ಒಬ್ಬನೇ" ಎಂಬ ಮಾತಿನ ಮೇಲೆ ಸಿಕ್ಕಿಹಾಕಿಕೊಂಡ. ಹರ್ಷವರ್ಧನರ ಮುಖ ಒಂದು ಕ್ಷಣ ಬಿಳಿಚಿತು. ಮರುಕ್ಷಣ ಮೈಕು ಕಿತ್ತುಕೊಂಡರು.

"ಗಾಬರಿಯಾಗ್ಬೇಡಿ! ಇದು ನಮ್ಮ ಚಟುವಟಿಕೆ!" ಎಂದು ಕೂಗಿದರು. "ಜೀವನ ನಿಮ್ಮ ಕುರ್ಚಿ ಕಿತ್ತುಕೊಂಡಾಗ ಏನು ಮಾಡ್ತೀರಿ? ಎದ್ದು ನಿಲ್ತೀರಿ! ಎಲ್ಲರೂ ಎದ್ದು ನಿಲ್ಲಿ!"

ಇನ್ನೂ ಕೂತಿದ್ದವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ತಮ್ಮ ಕುರ್ಚಿಗಳನ್ನು ತಾವೇ ತಂದು ಗಾಡಿಗೆ ಏರಿಸಿ, ಪಾಠ ಕಲಿತ ಸಂತೋಷದಲ್ಲಿ ಕೈ ಕೊಡವಿಕೊಂಡರು. ಆ ಸಭಾಂಗಣದಲ್ಲಿ ನಿಜವಾಗಿ ಪುಟಿದೆದ್ದವರು ಯಾರಾದರೂ ಇದ್ದರೆ ಅವರು ಹರ್ಷವರ್ಧನ. ಗಾಡಿ ಹೊರಡುವಾಗ ಓಡಿ ಬಂದರು.

"ಮೇಡಂ, ಅದ್ಭುತ! ಸಾಗರದ ಶಿಬಿರಕ್ಕೂ ನೀವೇ ಬನ್ನಿ. ಹೀಗೇ, ಮಧ್ಯದಲ್ಲಿ ಎಳೆದುಕೊಂಡು ಹೋಗ್ಬೇಕು."

"ಹಾಕೋಕೆ ಒಂದು ರೇಟು" ಎಂದಳು ತನುಜಾ. "ಜನ ಕೂತಿರುವಾಗ ಎಳೆಯೋಕೆ ಅದರ ಎರಡು ಪಟ್ಟು."

ಅವರು ಒಪ್ಪಿಕೊಂಡರು.

ಶಿವಮೂರ್ತಿ ಹೆಗಲ ಮೇಲೆ ಸನ್ಮಾನದ ಶಾಲು ಹೊದ್ದುಕೊಂಡೇ ಓಡಿ ಬಂದು ಗಾಡಿ ಹತ್ತಿದ. ಗಾಡಿ ಪೇಟೆ ದಾಟಿತು. ಶ್ಯಾಮ ರಸ್ತೆಯನ್ನೇ ನೋಡುತ್ತಿದ್ದ.

"ಜೊತೇಲಿ ಯಾರೂ ಇರ್ಲಿಲ್ವಾ?" ಎಂದಳು ಕೊನೆಗೆ ತನುಜಾ.

"ಅವ್ರೇ ಹೇಳ್ಕೊಟ್ಟಿದ್ದು ಮಾರಾಯ್ತಿ. ಹೆಂಡ್ತಿ, ಭಾವ ಅಂತೆಲ್ಲ ಬಂದ್ರೆ ಕಥೆ ಸಪ್ಪೆ ಆಗುತ್ತಂತೆ. ಒಬ್ಬನೇ ಎದ್ದೆ ಅಂದ್ರೆ ಜನಕ್ಕೆ ಹಿಡಿಸುತ್ತಂತೆ."

"ಹಿಡಿಸ್ತು. ನಾನೂ ನೋಡ್ದೆ."

ಸಾವಿನ ಮನೆಯ ಅಂಗಳದಲ್ಲಿ ಗಾಡಿ ನಿಂತಿತು. ಶ್ಯಾಮ ಇಳಿಯಲು ಬಾಗಿಲು ತೆಗೆದ. ತನುಜಾ ಅವನ ತೋಳು ಹಿಡಿದು ಕೂರಿಸಿದಳು.

"ನೀನು ಕೂರು ಶ್ಯಾಮ. ಅವ್ರು ಇಳಿಸ್ತಾರೆ. ಒಬ್ರೇ."

ಶಿವಮೂರ್ತಿ ಹೆಂಡತಿಯ ಮುಖ ನೋಡಿದ. ನೋಡಿ, ಶಾಲು ತೆಗೆದು ಸೀಟಿನ ಮೇಲಿಟ್ಟು ಇಳಿದ. ಕುರ್ಚಿಗಳನ್ನು ನಾಲ್ಕು ನಾಲ್ಕಾಗಿ ಹೊತ್ತು ಅಂಗಳಕ್ಕೆ ಸಾಗಿಸತೊಡಗಿದ. ಸೊಂಟ ಹಿಡಿದುಕೊಂಡಿತು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತು. ಎರಡನೇ ಸಾಲು ಹಾಕುವ ಹೊತ್ತಿಗೆ ಆ ಮನೆಯ ಗಂಡಸರಿಬ್ಬರು ನೋಡಲಾರದೆ ಬಂದು ಕೈಹಾಕಿದರು. ಶಿವಮೂರ್ತಿ ಗಾಡಿಯ ಕಡೆ ತಿರುಗಿ ನೋಡಿದ, ಅಪ್ಪಣೆ ಕೇಳುವವನಂತೆ.

ತನುಜಾ ಬೇಡ ಎನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಇಳಿದು, ಟರ್ಪಾಲಿನ ಒಂದು ತುದಿ ಹಿಡಿದಳು.